ಛಾಯಾಗ್ರಹಣ ಪ್ರಶ್ನೋತ್ತರ: ಮಣ್ಣಿನ ಗೋಡೆಗೆ ಯಾವ ಹೊತ್ತಿನ ಬಿಸಿಲು?

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಮರುಭೂಮಿಯನ್ನೂ ಅಲ್ಲಿನ ಅಡೋಬಿ ಕಟ್ಟಡಗಳನ್ನೂ ಕುರಿತ ಪತ್ರಗಳು ಈ ಸಲ ಹೆಚ್ಚಾಗಿ ಬಂದಿರುವುದರಿಂದ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ. ಜೇಡಿ, ಮರಳು, ಹುಲ್ಲು, ನೀರು ಸೇರಿಸಿ ಅಚ್ಚು ಹಾಕಿ, ಸುಡದೆ ಬಿಸಿಲಿನಲ್ಲಿ ಒಣಗಿಸಿದ ಹಸಿ ಇಟ್ಟಿಗೆಯ ಕಟ್ಟಡಕ್ಕೆ ಅಲ್ಲಿ ಅಡೋಬಿ ಎನ್ನುತ್ತಾರೆ.

ಪ್ರಶ್ನೆ: ಮಗಳು ಆಲ್ಬುಕರ್ಕಿಯಲ್ಲಿರುವುದರಿಂದ ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ಹೋಗಲಿದ್ದೇನೆ. ರಾಂಚೋಸ್ ಡಿ ಟಾವೋಸ್ ಊರಿನ ಚರ್ಚಿನ ಹಿಂಭಾಗವನ್ನು ಚಿತ್ರಿಸುವ ಆಸೆಯಿದೆ. ಸೂರ್ಯೋದಯ ಇಲ್ಲವೇ ಸೂರ್ಯಾಸ್ತದ ಹೊತ್ತಿಗೆ ಹೋದರೆ ಸಾಕಲ್ಲವೇ?
— ನಿವೃತ್ತ ಅಧ್ಯಾಪಕಿ, ಧಾರವಾಡ

ಉತ್ತರ: ಸಾಲದು. ಮುಂಜಾನೆ ಮತ್ತು ಸಂಜೆಯ ಬೆಳಕೇ ಶ್ರೇಷ್ಠವೆಂಬ ಮಾತನ್ನು ನಾವೆಲ್ಲ ಎಷ್ಟು ಸಲ ಕೇಳಿದ್ದೇವೆಂದರೆ, ಗೋಡೆ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ನೋಡುವುದನ್ನೇ ಮರೆತಿದ್ದೇವೆ. ಈ ಸ್ಯಾನ್ ಫ್ರಾನ್ಸಿಸ್ಕೊ ಡಿ ಆಸಿಸ್ ಚರ್ಚಿನ ಬಾಗಿಲು ಪೂರ್ವಕ್ಕಿದೆ. ಛಾಯಾಗ್ರಾಹಕರು ಹುಡುಕಿಕೊಂಡು ಹೋಗುವ, ಕಿಟಕಿಯೂ ಬಾಗಿಲೂ ಇಲ್ಲದ, ದೊಡ್ಡ ದೊಡ್ಡ ಆಸರೆ ಗೋಡೆಗಳು ಒರಗಿ ನಿಂತಿರುವ ಹಿಂಭಾಗವು ಪಶ್ಚಿಮಕ್ಕೆ, ಹೆದ್ದಾರಿಯ ಕಡೆಗೆ ಇದೆ. ಸೂರ್ಯೋದಯಕ್ಕೆ ಹೋದರೆ ಆ ಗೋಡೆ ಪೂರ್ತಿ ನೆರಳಿನಲ್ಲಿರುತ್ತದೆ. ಸೂರ್ಯಾಸ್ತಕ್ಕೆ ಹೋದರೆ ಬೆಳಕು ನೇರವಾಗಿ ಗೋಡೆಯ ಎದೆಗೇ ಬೀಳುತ್ತದೆ. ಬಣ್ಣವೇನೋ ಕೆಂಪೇರಿ ಸುಂದರವಾಗಿರುತ್ತದೆ, ಆದರೆ ಉಬ್ಬುತಗ್ಗುಗಳು ಅಳಿಸಿಹೋಗಿ ಆ ಭಾರವಾದ ಆಕಾರಗಳೆಲ್ಲ ಕಾಗದದ ಮೇಲೆ ಚಪ್ಪಟೆಯಾಗಿಬಿಡುತ್ತವೆ.

ಮಣ್ಣಿನ ಗೋಡೆಗೆ ಬೇಕಾದದ್ದು ಅದರ ಮೈಯನ್ನು ಸವರಿಕೊಂಡು ಹೋಗುವ ಬೆಳಕು. ಪಶ್ಚಿಮದ ಗೋಡೆಗೆ ಅಂತಹ ಬೆಳಕು ಸಿಗುವುದು ಸೂರ್ಯನು ದಕ್ಷಿಣವನ್ನು ದಾಟಿ ಪಶ್ಚಿಮಕ್ಕೆ ಹೊರಳುವ ಆರಂಭದಲ್ಲಿ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುವುದರಿಂದ ಸೂರ್ಯ ನಡುನೆತ್ತಿಯ ರೇಖೆಗೆ ಬರುವುದು ಮಧ್ಯಾಹ್ನ ಸುಮಾರು ಒಂದು ಗಂಟೆಗೆ. ಆದ್ದರಿಂದ ಒಂದೂಕಾಲರಿಂದ ಎರಡೂವರೆಯವರೆಗೆ ಆ ಗೋಡೆಯ ಎದುರು ಇರಿ. ಎಲ್ಲರೂ ಕ್ಯಾಮೆರಾವನ್ನು ಚೀಲಕ್ಕೆ ಸೇರಿಸಿ ಊಟಕ್ಕೆ ಹೋಗುವ ಹೊತ್ತು ಅದು. ಹೊಸದಾಗಿ ಸಾರಿಸಿದ ಅಂಗಳದಲ್ಲಿ ಬೆರಳಿನ ಗೆರೆಗಳು ಕಾಣುವ ಹಾಗೆ, ಮೆತ್ತಿದ ಕೈಗಳ ಗುರುತೂ ಮಣ್ಣಿನೊಳಗಿನ ಹುಲ್ಲಿನ ಎಳೆಗಳೂ ಆ ಬೆಳಕಿನಲ್ಲಿ ಒಂದೊಂದಾಗಿ ಎದ್ದು ಕಾಣುತ್ತವೆ.

ಆ ಕೈಗಳ ವಿಷಯವನ್ನೂ ತಿಳಿದುಕೊಂಡು ಹೋಗಿ. ಹತ್ತೊಂಬತ್ತನೆಯ ಶತಮಾನದ ಆರಂಭದ ಹೊತ್ತಿಗೆ ಮುಗಿದ ಈ ಕಟ್ಟಡಕ್ಕೆ 1967ರಲ್ಲಿ, ಪ್ರತಿ ವರ್ಷದ ದುರಸ್ತಿಯ ಕೆಲಸ ತಪ್ಪಲೆಂದು, ಸಿಮೆಂಟ್ ಗಿಲಾವು ಮಾಡಿಸಿದರು. ಸಿಮೆಂಟಿನ ಬಿರುಕುಗಳಿಂದ ಒಳಗಿಳಿದ ನೀರಿಗೆ ಹೊರಬರಲು ದಾರಿಯಿಲ್ಲದೆ ಒಳಗಿನ ಹಸಿ ಇಟ್ಟಿಗೆ ನೆನೆದು ಕೆಡತೊಡಗಿತು. ಕೊನೆಗೆ 1979ರಲ್ಲಿ ಆ ಸಿಮೆಂಟನ್ನು ಕಿತ್ತುಹಾಕಿ ಮತ್ತೆ ಮಣ್ಣನ್ನೇ ಮೆತ್ತಿದರು; ಅಂದಿನಿಂದ ಪ್ರತಿ ವರ್ಷ ಜೂನ್ ತಿಂಗಳಲ್ಲಿ ಊರಿನವರು ಸೇರಿ ಗೋಡೆಗಳಿಗೆ ಹೊಸ ಮಣ್ಣು ಕೊಡುತ್ತಾರೆ. ನೀವು ಹೋಗುವ ವೇಳೆಗೆ ಆ ಗಿಲಾವಿನ ಮೇಲೆ ಜುಲೈ, ಆಗಸ್ಟ್ ತಿಂಗಳ ಗುಡುಗುಮಳೆ ಹರಿದಿರುತ್ತದೆ. ಜೂನ್ ಕೊನೆಯಲ್ಲಿ ನುಣುಪಾಗಿದ್ದ ಮೈ ಸೆಪ್ಟೆಂಬರ್‌ನಲ್ಲಿ ಸಣ್ಣ ಸಣ್ಣ ಕಾಲುವೆಗಳನ್ನು ಪಡೆದಿರುತ್ತದೆ, ಮರುವರ್ಷದ ವಸಂತದ ಹೊತ್ತಿಗೆ ಬಿರುಕುಗಳನ್ನೂ ಪಡೆಯುತ್ತದೆ. ಹೀಗಾಗಿ ಒಂದೇ ಗೋಡೆಯ ಎರಡು ತಿಂಗಳ ಚಿತ್ರಗಳು ನಿಜಕ್ಕೂ ಎರಡು ಗೋಡೆಗಳ ಚಿತ್ರಗಳು.

ಜಾರ್ಜಿಯಾ ಓಕೀಫ್ ಇದೇ ಹಿಂಭಾಗವನ್ನು ಬಣ್ಣಗಳಲ್ಲಿ ಬರೆದರು, ಪಾಲ್ ಸ್ಟ್ರ್ಯಾಂಡ್ ಮತ್ತು ಆನ್ಸೆಲ್ ಆಡಮ್ಸ್ ಕ್ಯಾಮೆರಾದಲ್ಲಿ ಹಿಡಿದರು. ಇಷ್ಟು ಜನ ತೆಗೆದ ಮೇಲೆ ಅದೇ ಕೋನದ ಇನ್ನೊಂದು ಚಿತ್ರ ಏಕೆ ಎಂದು ಕೇಳುವವರುಂಟು. ಆ ಆಕ್ಷೇಪಣೆಯನ್ನು ನಾನು ಒಪ್ಪುವುದಿಲ್ಲ. ಪ್ರತಿ ವರ್ಷ ಹೊಸದಾಗುವ ಗೋಡೆಯನ್ನು ಯಾರೂ ತೆಗೆದು ಮುಗಿಸಿಲ್ಲ. ಒಂದು ಎಚ್ಚರಿಕೆ ಮಾತ್ರ: ಸುಮಾರು 2,100 ಮೀಟರ್ ಎತ್ತರದ ಆ ಒಣ ಹವೆಯಲ್ಲಿ ನೆರಳುಗಳು ಬಹಳ ಗಾಢವಾಗಿ, ಮೇಲಿನ ಆಕಾಶದಿಂದ ಮಾತ್ರ ಬೆಳಕು ಪಡೆದು ನೀಲಿಯಾಗಿ ಕಾಣುತ್ತವೆ. ಬಿಸಿಲು ಬಿದ್ದ ಭಾಗದ ವಿವರ ಸುಟ್ಟುಹೋಗದಂತೆ ಎಕ್ಸ್‌ಪೋಶರ್ (ಕ್ಯಾಮೆರಾದೊಳಗೆ ಬಿಡುವ ಬೆಳಕಿನ ಪ್ರಮಾಣ) ಇಟ್ಟುಕೊಂಡು, ನೆರಳನ್ನು ಆಮೇಲೆ ತಿದ್ದಿಕೊಳ್ಳಿ.

ಪ್ರಶ್ನೆ: ವೈಟ್ ಸ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ನಾನು ತೆಗೆದ ಚಿತ್ರಗಳಲ್ಲೆಲ್ಲ ಬಿಳಿಯ ಮರಳು ಬೂದಿಯ ಬಣ್ಣಕ್ಕೆ ತಿರುಗಿದೆ. ಕ್ಯಾಮೆರಾದಲ್ಲಿ ದೋಷವೇ?
— ಓದುಗರು, ಬೆಂಗಳೂರು

ಉತ್ತರ: ಕ್ಯಾಮೆರಾ ಸರಿಯಾಗಿಯೇ ಇದೆ. ಅದರ ಮೀಟರು ಎದುರಿಗಿರುವುದನ್ನೆಲ್ಲ ನಡುಮಟ್ಟದ ಬೂದಿಯೆಂದು ಭಾವಿಸುತ್ತದೆ. ಎದುರಿಗೆ ಬಿಳುಪು ಮಾತ್ರ ಇದ್ದಾಗಲೂ ಅದನ್ನು ಬೂದಿಗೆ ಇಳಿಸುತ್ತದೆ. ಒಂದರಿಂದ ಒಂದೂವರೆ ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಇಮ್ಮಡಿ ಬೆಳಕು) ಎಕ್ಸ್‌ಪೋಶರ್ ಹೆಚ್ಚಿಸಿ, ಚಿತ್ರದ ಕಪ್ಪು-ಬಿಳುಪಿನ ಹಂಚಿಕೆಯನ್ನು ತೋರಿಸುವ ಹಿಸ್ಟೋಗ್ರಾಮ್ ನಕ್ಷೆಯ ಬಲತುದಿ ಅಂಚಿಗೆ ತಾಗದಂತೆ ನೋಡಿಕೊಳ್ಳಿ. ಅಲ್ಲಿರುವುದು ಸಾಮಾನ್ಯ ಮರಳಲ್ಲ, ಜಿಪ್ಸಮ್. ನೀರಿನಲ್ಲಿ ಕರಗುವ ಈ ಖನಿಜವನ್ನು ಬೇರೆಡೆ ನದಿಗಳು ಸಮುದ್ರಕ್ಕೆ ಒಯ್ದುಬಿಡುತ್ತವೆ; ವೈಟ್ ಸ್ಯಾಂಡ್ಸ್ ಇರುವ ಟುಲರೋಸ ಕಣಿವೆಯಿಂದ ನೀರು ಹೊರಹೋಗುವ ದಾರಿಯಿಲ್ಲದ್ದರಿಂದ ಅಲ್ಲಿಯೇ ಉಳಿದು, 275 ಚದರ ಮೈಲಿಗಳಷ್ಟು ದಿಬ್ಬಗಳಾಗಿವೆ. ಬಿಳಿ ದಿಬ್ಬಗಳಲ್ಲಿ ಆಕಾರ ತೋರಿಸುವುದು ನೆರಳು ಮಾತ್ರ. ಇಲ್ಲಿ ಮುಂಜಾನೆ ಮತ್ತು ಸಂಜೆಯ ಹಳೆಯ ಸಲಹೆ ಸರಿಯಾಗಿಯೇ ಅನ್ವಯಿಸುತ್ತದೆ. ಪಕ್ಕದ ಸೇನಾ ಪ್ರದೇಶದಲ್ಲಿ ಕ್ಷಿಪಣಿ ಪರೀಕ್ಷೆಯಿರುವ ದಿನ ಕೆಲವು ಗಂಟೆಗಳ ಕಾಲ ರಸ್ತೆ ಮುಚ್ಚುತ್ತಾರೆ. ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಡ್ರೋನ್ ಒಯ್ಯಬೇಡಿ, ರಾಷ್ಟ್ರೀಯ ಉದ್ಯಾನಗಳಲ್ಲಿ ಅದಕ್ಕೆ ಅವಕಾಶವಿಲ್ಲ.

ಪ್ರಶ್ನೆ: ಆನ್ಸೆಲ್ ಆಡಮ್ಸ್ ಅವರ ‘ಮೂನ್‌ರೈಸ್, ಹರ್ನಾಂಡೆಜ್’ ಚಿತ್ರದಲ್ಲಿ ಆಕಾಶವನ್ನು ಡಾರ್ಕ್‌ರೂಮಿನಲ್ಲಿ ಕಪ್ಪಾಗಿಸಿದ್ದಂತೆ. ನಾನು ಕಂಪ್ಯೂಟರಿನಲ್ಲಿ ಆಕಾಶ ಬದಲಿಸಿ ಸ್ಪರ್ಧೆಗೆ ಕಳುಹಿಸಿದ ಚಿತ್ರವನ್ನು ತಿರಸ್ಕರಿಸಿದರು. ಅವರಿಗೊಂದು ನ್ಯಾಯ, ನಮಗೊಂದು ನ್ಯಾಯವೇ?
— ಹವ್ಯಾಸಿ ಛಾಯಾಗ್ರಾಹಕರು, ಮೈಸೂರು

ಉತ್ತರ: ಆಕಾಶವನ್ನು ಕಪ್ಪಾಗಿಸುವುದೂ ಆಕಾಶವನ್ನು ಬದಲಿಸುವುದೂ ಒಂದೇ ಕೆಲಸವಲ್ಲ. ಅದನ್ನು ವಿವರಿಸಲು ಆ ಚಿತ್ರಕ್ಕಿಂತ ಉತ್ತಮ ಉದಾಹರಣೆ ನನಗೆ ಗೊತ್ತಿಲ್ಲ.

1941ರ ಶರತ್ಕಾಲದ ಒಂದು ಸಂಜೆ ಆಡಮ್ಸ್ ಚಾಮಾ ನದಿಯ ಕಣಿವೆಯಿಂದ ಕಾರಿನಲ್ಲಿ ಹಿಂದಿರುಗುತ್ತಿದ್ದರು. ಹರ್ನಾಂಡೆಜ್ ಎಂಬ ಪುಟ್ಟ ಹಳ್ಳಿಯ ಅಡೋಬಿ ಚರ್ಚಿನ ಹಿಂದಿನ ಸ್ಮಶಾನದಲ್ಲಿ ಬಿಳಿಯ ಶಿಲುಬೆಗಳು ಮುಳುಗುವ ಬಿಸಿಲಿಗೆ ಹೊಳೆಯುತ್ತಿದ್ದವು. ದೂರದ ಪರ್ವತಗಳ ಮೇಲೆ ಚಂದ್ರ ಬಂದಿದ್ದ. ಎಂಟು ಅಂಗುಲಕ್ಕೆ ಹತ್ತು ಅಂಗುಲ ಅಳತೆಯ ಫಿಲ್ಮಿನ ದೊಡ್ಡ ಕ್ಯಾಮೆರಾವನ್ನು ನಿಲ್ಲಿಸಿಕೊಂಡಾಗ ಲೈಟ್ ಮೀಟರು ಕೈಗೆ ಸಿಗಲಿಲ್ಲ. ಚಂದ್ರನ ಪ್ರಕಾಶ ಚದರ ಅಡಿಗೆ 250 ಕ್ಯಾಂಡಲ್ ಎಂಬುದು ಅವರಿಗೆ ನೆನಪಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು, ಹಳದಿ ಫಿಲ್ಟರಿಗೂ ಲೆಕ್ಕ ಸೇರಿಸಿ, ಲೆನ್ಸಿನ ತೆರಪನ್ನು ಎಫ್/32 ಎಂಬ ಸಣ್ಣ ಅಳತೆಗಿಟ್ಟು ಒಂದು ಸೆಕೆಂಡ್ ಎಕ್ಸ್‌ಪೋಶರ್ ಕೊಟ್ಟರು. ಎರಡನೆಯ ನೆಗೆಟಿವ್‌ಗೆ ಫಿಲ್ಮನ್ನು ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿತ್ತು.

ಸಿಕ್ಕಿದ ಒಂದೇ ನೆಗೆಟಿವ್ ಸುಲಭದ್ದಾಗಿರಲಿಲ್ಲ. ಕೆಳಭಾಗ ತೆಳುವಾಗಿತ್ತು, 1948ರಲ್ಲಿ ಅವರು ಆ ಭಾಗವನ್ನು ಮಾತ್ರ ರಾಸಾಯನಿಕದಿಂದ ಗಾಢಗೊಳಿಸಿಕೊಂಡರು. ಆಕಾಶದಲ್ಲಿ ಬಿಳಿಯ ಮೋಡದ ಎಳೆಗಳು ಸಾಕಷ್ಟಿದ್ದವು. ಬೆಳಕು ಹೆಚ್ಚಾದಷ್ಟೂ ಪ್ರಿಂಟಿನ ಕಾಗದ ಕಪ್ಪಾಗುವುದರಿಂದ, ಪ್ರಿಂಟು ಮಾಡುವಾಗ ಮೇಲ್ಭಾಗಕ್ಕೆ ಹೆಚ್ಚು ಬೆಳಕು ಕೊಟ್ಟು ಅವನ್ನು ಕತ್ತಲೆಗೆ ತಳ್ಳುತ್ತ ಬಂದರು. ಮೊದಲ ವರ್ಷಗಳ ಪ್ರಿಂಟಿನಲ್ಲಿ ತಿಳಿಬೂದಿಯಾಗಿದ್ದ ಆಕಾಶ ಕೊನೆಯ ದಶಕಗಳ ಪ್ರಿಂಟುಗಳಲ್ಲಿ ಹೆಚ್ಚುಕಡಿಮೆ ಕಪ್ಪಾಗಿದೆ. ಆ ಒಂದು ನೆಗೆಟಿವ್‌ನಿಂದ ಅವರು ಸಾವಿರಕ್ಕೂ ಹೆಚ್ಚು ಪ್ರಿಂಟುಗಳನ್ನು ಮಾಡಿದರು. (ವೈಯಕ್ತಿಕವಾಗಿ ನನಗೆ ಮೋಡಗಳು ಇನ್ನೂ ಸ್ವಲ್ಪ ಉಸಿರಾಡುತ್ತಿರುವ ಮೊದಲಿನ ಪ್ರಿಂಟುಗಳೇ ಹೆಚ್ಚು ಇಷ್ಟ.)

ಇಷ್ಟೆಲ್ಲ ತಿದ್ದಿದ ಮೇಲೂ ಆ ಚಿತ್ರದಲ್ಲಿ ಏನು ಉಳಿದಿತ್ತು ಎಂಬುದನ್ನು ಗಮನಿಸಿ. ಆಡಮ್ಸ್ ಅವರಿಗೆ ತಾವು ಚಿತ್ರ ತೆಗೆದ ದಿನಾಂಕ ಸರಿಯಾಗಿ ನೆನಪಿರಲಿಲ್ಲ. ಬೇರೆ ಬೇರೆ ಕಡೆ ಬೇರೆ ಬೇರೆ ವರ್ಷಗಳನ್ನು ಹೇಳಿದ್ದರು. ಖಗೋಳಜ್ಞರು ಚಿತ್ರದಲ್ಲಿರುವ ಚಂದ್ರನ ಸ್ಥಾನ, ಪರ್ವತಗಳ ರೇಖೆ, ಕ್ಯಾಮೆರಾ ನಿಂತಿದ್ದ ಜಾಗ ಇವುಗಳಿಂದ ಲೆಕ್ಕ ಹಾಕಿ ದಿನವನ್ನು ಕಂಡುಹಿಡಿದರು. 1991ರಲ್ಲಿ ಡೆನಿಸ್ ಡಿ ಸಿಕೊ ಪ್ರಕಟಿಸಿದ ತಿದ್ದಿದ ಲೆಕ್ಕದ ಪ್ರಕಾರ ಅದು 1941ರ ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ. ಚಂದ್ರನು ಇದ್ದ ಜಾಗದಲ್ಲಿಯೇ, ಇದ್ದ ಗಾತ್ರದಲ್ಲಿಯೇ ಉಳಿದಿದ್ದರಿಂದ ಈ ಲೆಕ್ಕ ಸಾಧ್ಯವಾಯಿತು. ಬೇರೊಂದು ರಾತ್ರಿ ಟೆಲಿಫೋಟೊ ಲೆನ್ಸಿನಲ್ಲಿ ತೆಗೆದ ದೊಡ್ಡ ಚಂದ್ರನನ್ನು ತಂದು ಅಂಟಿಸಿದ ಚಿತ್ರವನ್ನು ಆ ಖಗೋಳಜ್ಞರ ಕೈಗೆ ಕೊಟ್ಟಿದ್ದರೆ, ಹರ್ನಾಂಡೆಜ್‌ನಲ್ಲಿ ಎಂದೂ ಬಾರದ ಸಂಜೆಯೊಂದನ್ನು ಹುಡುಕುತ್ತಿದ್ದರು.

ಆದ್ದರಿಂದ ಎಲ್ಲಿ ಎಷ್ಟು ಕಪ್ಪು, ಎಷ್ಟು ಬಿಳುಪು ಎಂದು ನಿರ್ಧರಿಸುವುದು ಛಾಯಾಗ್ರಾಹಕನ ಹಕ್ಕು; ಇಲ್ಲದ್ದನ್ನು ಇದ್ದಂತೆ ತೋರಿಸುವುದು ಬೇರೊಂದು ಕಲೆ, ಅದಕ್ಕೆ ಬೇರೆ ವಿಭಾಗವೇ ಇರುತ್ತದೆ. ನಿಮ್ಮ ಚಿತ್ರವನ್ನು ಅಲ್ಲಿಗೆ, ಆಕಾಶ ಬದಲಿಸಿದೆ ಎಂದು ಬರೆದು ಕಳುಹಿಸಿ. ತೀರ್ಪುಗಾರರು ನಿಮಗೆ ಅನ್ಯಾಯ ಮಾಡಿದರೆಂದು ನನಗೆ ಅನ್ನಿಸುವುದಿಲ್ಲ.

ಪ್ರಶ್ನೆ: ಮೂಲನಿವಾಸಿಗಳ ಊರಾದ ಟಾವೋಸ್ ಪ್ಯೂಬ್ಲೊದಲ್ಲಿ ಪ್ರವೇಶಕ್ಕೆ ಶುಲ್ಕ, ಅದರ ಮೇಲೆ ನೂರೆಂಟು ನಿಷೇಧ. ವಿಶ್ವ ಪರಂಪರೆಯ ತಾಣವೆಂದ ಮೇಲೆ ಅದು ಎಲ್ಲರಿಗೂ ಸೇರಿದ್ದಲ್ಲವೇ? ನಾನು ತೆಗೆದ ಚಿತ್ರಗಳನ್ನು ಮಾರಬಹುದೇ?
— ಟೆಕ್ಸಸ್‌ನಲ್ಲಿರುವ ಕನ್ನಡಿಗರು

ಉತ್ತರ: ಯುನೆಸ್ಕೊ 1992ರಲ್ಲಿ ಪಟ್ಟಿಗೆ ಸೇರಿಸಿದ್ದು ನಿಜ, ಆದರೆ ಅದು ಸ್ಮಾರಕವಲ್ಲ, ಜನ ವಾಸಿಸುವ ಊರು. ಹಲವು ಅಂತಸ್ತುಗಳಾಗಿ ಏರುವ ಆ ಅಡೋಬಿ ಮನೆಗಳಲ್ಲಿ ಇಂದಿಗೂ ವಿದ್ಯುತ್ತನ್ನೂ ಕೊಳಾಯಿಯನ್ನೂ ತಾವಾಗಿಯೇ ದೂರವಿಟ್ಟು ಬದುಕುವ ಕುಟುಂಬಗಳಿವೆ. ಅನುಮತಿ ಕೇಳದೆ ಯಾರ ಚಿತ್ರವನ್ನೂ ತೆಗೆಯಬಾರದು. ಪೂಜಾಮಂದಿರದ ಒಳಗೆ ಕ್ಯಾಮೆರಾ ಎತ್ತಬಾರದು. ಹಬ್ಬದ ದಿನಗಳಲ್ಲಿ ಕ್ಯಾಮೆರಾವನ್ನು ತರಲೇಬಾರದು. ತಮ್ಮ ಆಚರಣೆಗಳಿಗಾಗಿ ಊರನ್ನು ಕೆಲವು ಕಾಲ ಹೊರಗಿನವರಿಗೆ ಮುಚ್ಚುತ್ತಾರೆ. ಮಾರಾಟಕ್ಕೆ ಮುಂಚಿತವಾಗಿಯೇ ಅವರ ಆಡಳಿತದಿಂದ ಲಿಖಿತ ಅನುಮತಿ ಪಡೆಯಿರಿ. ಪ್ರವಾಸಿಯ ಟಿಕೆಟು ಅದಕ್ಕೆ ಸಾಲದು.

ಇದು ಇತ್ತೀಚಿನ ಬಿಗಿಯೂ ಅಲ್ಲ. ಮೇರಿ ಆಸ್ಟಿನ್ ಅವರ ಬರಹದೊಂದಿಗೆ 1930ರಲ್ಲಿ ಹೊರಬಂದ ಪುಸ್ತಕಕ್ಕಾಗಿ ಆಡಮ್ಸ್ ಇಲ್ಲಿ ಚಿತ್ರ ತೆಗೆಯಲು ಬಂದಾಗಲೂ ಪ್ಯೂಬ್ಲೊದವರೇ ಆದ ಟೋನಿ ಲುಹಾನ್ ಮೂಲಕ ಹಿರಿಯರ ಸಭೆಯ ಒಪ್ಪಿಗೆ ಪಡೆದು, 25 ಡಾಲರ್ ಕೊಟ್ಟು, ಮುಗಿದ ಪುಸ್ತಕದ ಒಂದು ಪ್ರತಿಯನ್ನು ಸಲ್ಲಿಸುವ ಮಾತಿಗೆ ಬದ್ಧರಾಗಿದ್ದರು. ನಿಷೇಧ ಹೆಚ್ಚಾಯಿತೆನ್ನುವವರು ಕ್ಯಾಮೆರಾವನ್ನು ಕಾರಿನಲ್ಲಿಯೇ ಬಿಟ್ಟು ಒಳಗೆ ಹೋಗಿ ನೋಡಿಕೊಂಡು ಬರಬಹುದು.

ಪ್ರಶ್ನೆ: ನಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆ ಮನೆಗಳನ್ನು ಇದೇ ರೀತಿ ಚಿತ್ರಿಸಬೇಕೆಂದಿದ್ದೇನೆ. ಅಲ್ಲಿಯ ಬೆಳಕಿನ ಲೆಕ್ಕ ಇಲ್ಲಿಗೂ ಹೊಂದುತ್ತದೆಯೇ? ಪ್ರಿಂಟಿಗೆ ಯಾವ ಕಾಗದ ಒಳ್ಳೆಯದು?
— ಓದುಗರು, ಕಲಬುರಗಿ

ಉತ್ತರ: ತತ್ವ ಹೊಂದುತ್ತದೆ, ಗಡಿಯಾರ ಹೊಂದುವುದಿಲ್ಲ. ಟಾವೋಸ್ 36 ಡಿಗ್ರಿ ಅಕ್ಷಾಂಶದ ಮೇಲಿದೆ, ನೀವು 17ರಲ್ಲಿದ್ದೀರಿ. ಮೇ ಎರಡನೆಯ ವಾರದ ಹೊತ್ತಿಗೂ ಆಗಸ್ಟ್ ಮೊದಲ ವಾರದ ಹೊತ್ತಿಗೂ ಮಧ್ಯಾಹ್ನದ ಸೂರ್ಯ ನಿಮ್ಮ ನೆತ್ತಿಯ ಮೇಲೆಯೇ ಇರುತ್ತಾನೆ. ನಡುವಿನ ತಿಂಗಳುಗಳಲ್ಲಿ ತುಸು ಉತ್ತರಕ್ಕೆ ಸರಿದಿರುತ್ತಾನೆ. ಆಗ ಬೆಳಕು ಗೋಡೆಯನ್ನು ಮೇಲಿನಿಂದ ಕೆಳಗೆ ಸವರುತ್ತದೆ, ಮಾಳಿಗೆಯ ಅಂಚಿನ ನೆರಳು ಗೋಡೆಯ ಬಹುಭಾಗವನ್ನು ನುಂಗುತ್ತದೆ. ಪಕ್ಕದಿಂದ ಸವರುವ ಬೆಳಕು ಬೇಕಾದರೆ ಡಿಸೆಂಬರ್, ಜನವರಿಗೆ ಕಾಯಿರಿ. ಬೆಳಕಿಗೆ ತಕ್ಕಂತೆ ಬಣ್ಣವನ್ನು ಸರಿಪಡಿಸುವ ವೈಟ್ ಬ್ಯಾಲೆನ್ಸನ್ನು ಬಿಸಿಲಿಗೆ ಹೊಂದಿಸಿ ಹಾಗೆಯೇ ಬಿಡಿ. ಆಟೊದಲ್ಲಿಟ್ಟರೆ ಕ್ಯಾಮೆರಾ ಮಣ್ಣಿನ ಕೆಂಪನ್ನು ತಪ್ಪೆಂದು ತಿಳಿದು ಕಳೆಯುತ್ತದೆ.

ಕಾಗದದ ವಿಷಯದಲ್ಲಿ ಆಡಮ್ಸ್ ಅವರೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋದವರು. ಮೇಲೆ ಹೇಳಿದ ಪುಸ್ತಕದ ಹನ್ನೆರಡು ಚಿತ್ರಗಳನ್ನು ಹೊಳಪಿಲ್ಲದ, ಬಟ್ಟೆಯ ನಾರಿನ ಕಾಗದದ ಮೇಲೆ ಸ್ವತಃ ಪ್ರಿಂಟು ಮಾಡಿದ್ದರು. ಅದೇ 1930ರಲ್ಲಿ ಟಾವೋಸ್‌ನಲ್ಲಿ ಪಾಲ್ ಸ್ಟ್ರ್ಯಾಂಡ್ ತೋರಿಸಿದ ನೆಗೆಟಿವ್‌ಗಳನ್ನು ನೋಡಿದ ಮೇಲೆ ಅವರ ದಾರಿ ಬದಲಾಯಿತು. 1932ರಲ್ಲಿ ಎಫ್/64 ಎಂಬ ಛಾಯಾಗ್ರಾಹಕರ ಗುಂಪು ಕಟ್ಟುವ ಹೊತ್ತಿಗೆ ನಯವಾದ, ಹೊಳಪಿನ ಕಾಗದದ ಪಕ್ಷ ಸೇರಿದ್ದರು. ಹೊಳಪಿನ ಕಾಗದದಲ್ಲಿ ಕಪ್ಪು ಆಳವಾಗಿ ಬರುವುದರಿಂದ ಗಾಢ ನೆರಳಿನ ಮರುಭೂಮಿಯ ವಿಶಾಲ ದೃಶ್ಯಗಳಿಗೆ ಅದು ಸರಿ. ಗೋಡೆಯೇ ವಸ್ತುವಾದ ಚಿತ್ರಕ್ಕೆ ನಾನು ಹೊಳಪಿಲ್ಲದ ಹತ್ತಿಯ ಕಾಗದವನ್ನೇ ಆರಿಸುತ್ತೇನೆ. ಎರಡರಲ್ಲಿಯೂ ಸಣ್ಣ ಪಟ್ಟಿಗಳನ್ನು ತೆಗೆಸಿ, ಚಿತ್ರವನ್ನು ತೂಗುಹಾಕುವ ಜಾಗದ ಬೆಳಕಿನಲ್ಲಿಯೇ ಹಿಡಿದು ನೋಡಿ ತೀರ್ಮಾನಿಸಿ. ಇನ್ನೊಂದು ಮಾತು: ಮಣ್ಣಿನ ಗೋಡೆಯ ಮೇಲೆ ಸಿಮೆಂಟಿನ ತೇಪೆ ಕಂಡರೆ ಅದನ್ನು ಚೌಕಟ್ಟಿನಿಂದ ಹೊರಗಿಡಬೇಡಿ, ತೇಪೆಯ ಅಂಚಿನಲ್ಲಿ ಮಣ್ಣು ಹೇಗೆ ಉದುರುತ್ತಿದೆ ಎಂಬುದನ್ನು ಹತ್ತಿರದಿಂದ ಒಂದು ಚಿತ್ರವಾಗಿ ಬೇರೆಯೇ ತೆಗೆದುಕೊಳ್ಳಿ.