ಅವ್ವ ಬಂದಾಗ ಹೀಟರ್ ಹಚ್ಚು

ತಮ್ಮಾ,

ನಿನ್ನ ಪತ್ರ ಕಲಬುರಗಿಯಲ್ಲೇ ಕುಂತು ಓದಿದೆ. ಎಳ್ಳಮಾಸಿ (ಎಳ್ಳು ಅಮಾವಾಸ್ಯೆ) ಹಬ್ಬಕ್ಕೆ ಅಂತ ಬಂದಿದ್ದೀನಿ. ಮಾಳಗಿ ಮೇಲೆ ಎಳೆಬಿಸಿಲು, ಕೆಳಗೆ ನಮ್ಮವ್ವ ಸಜ್ಜಿ ರೊಟ್ಟಿ ಬಡಿಯೋ ಸಪ್ಪಳ, ಕಾಳು-ತಪ್ಪಲಿನ ಭಜ್ಜಿ ಕುದಿಯೋ ವಾಸನೆ. ಇಂಥಲ್ಲಿ ಕುಂತು ಮೆಲ್ಬರ್ನಿನ ಮನೆ ಸಾಲದ ಲೆಕ್ಕ ಬರೆಯೋಕೆ ಮನಸ್ಸು ಬರೋದಿಲ್ಲ. ಆದರೆ ನಿನ್ನ ಪತ್ರದ ಕೊನೇ ಸಾಲು ಓದಿದ ಮೇಲೆ ಸುಮ್ಮನಿರೋಕೂ ಆಗಲಿಲ್ಲ.

ನೀನು ಕೇಳಿದ್ದು ಇಷ್ಟು. ಮೂರು ತಿಂಗಳ ಹಿಂದೆ ಮೆಲ್ಬರ್ನಿನ ಟಾರ್ನೀಟ್‌ನಲ್ಲಿ ಮನೆ ತಗೊಂಡಿದ್ದೀಯ. 5 ಲಕ್ಷ ಡಾಲರ್ ಸಾಲ, 30 ವರ್ಷ, ಬಡ್ಡಿ ಶೇ. 6. ಶನಿವಾರ ಭಾನುವಾರ ವೇರ್‌ಹೌಸ್ ಕೆಲಸ ಹಿಡಿದು ಸಾಲ ಬೇಗ ತೀರಿಸಲೇ? ಊರಿಗೆ ಬರೋದನ್ನ ಮೂರು ವರ್ಷ ಮುಂದೆ ಹಾಕಲೇ? ಮಗಳಿಗೆ ಯಾವ ಸಾಲಿ ಒಳ್ಳೇದು? ಊರಿಂದ ಶೇಂಗಾ ಹಿಂಡಿ, ಖಡಕ್ ರೊಟ್ಟಿ ತಂದರೆ ಏರ್‌ಪೋರ್ಟಿನಲ್ಲಿ ಬಿಡ್ತಾರಾ? ಕೊನೆಗೆ ಬರೆದಿದ್ದೀಯ: "ಮೇ ತಿಂಗಳಾಗ ಅಪ್ಪ ಅವ್ವಗ ಕರೆಸ್ಲತ್ತೀನಿ ಅಣ್ಣಾ, ನಮ್ಮ ಕಡಿ ಬಿಸಿಲಿಂದ ಮೂರು ತಿಂಗಳರ ತಪ್ಪಸ್ಕೊಳ್ಳಿ."

ಸಣ್ಣವು ಮೊದಲು. ಸಾಲಿ: ಮನೆ ಹತ್ತಿರದ ಸರಕಾರಿ ಸಾಲಿಗೆ ಹಾಕು, ಅಲ್ಲಿ ಅದೇನು ಕಮ್ಮಿ ಅಲ್ಲ. ಹಿಂಡಿ, ರೊಟ್ಟಿ: ತಿನ್ನೋದು ಏನೇ ಇರಲಿ, ವಿಮಾನದಲ್ಲಿ ಕೊಡೋ ಕಾರ್ಡಿನಲ್ಲಿ 'ಇದೆ' ಅಂತ ಬರೆಯೋಕೆ ಹೇಳು. ತೋರಿಸಿದರೆ ಹೆಚ್ಚೆಂದರೆ ತೆಗೆದು ಎಸೀತಾರೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ. ನಿಮ್ಮ ಅವ್ವ ಒಂದು ಚೀಲದ ತುಂಬ ಕಟ್ಟಿಕೊಂಡೇ ಬರ್ತಾರೆ, ಅದು ನಿನಗೂ ಗೊತ್ತು ನನಗೂ ಗೊತ್ತು.

ಈಗ ಸಾಲ. ನಿನ್ನ ಕಂತು ತಿಂಗಳಿಗೆ ಸುಮಾರು 2,998 ಡಾಲರ್ ಬರ್ತದೆ. ಅದರಲ್ಲಿ ಮೊದಲ ತಿಂಗಳು 2,500 ಬಡ್ಡಿಗೇ ಹೋಗಿ, ಅಸಲಿಗೆ ಬೀಳೋದು ಐನೂರಕ್ಕೆ ಎರಡು ಕಮ್ಮಿ. ಮೊದಲ ಸಲ ಇದನ್ನ ನೋಡಿದಾಗ ನನಗೂ ಹೊಟ್ಟೆ ಉರಿದಿತ್ತು. ತಿಂಗಳಿಗೆ 500 ಹೆಚ್ಚಿಗೆ ಹಾಕುತ್ತ ಹೋದರೆ, ಬಡ್ಡಿ ದರ ಹೀಗೇ ಇದ್ದರೆ, 30 ವರ್ಷದ ಸಾಲ 21 ವರ್ಷಕ್ಕೆ ಮುಗೀತದೆ. ಬಡ್ಡಿಯಲ್ಲಿ ಹತ್ತಿರ ಹತ್ತಿರ 2 ಲಕ್ಷ ಡಾಲರ್ ಉಳೀತದೆ. ಹಾಗಾಗಿ ನಿನ್ನ ವಿಚಾರ ತಪ್ಪು ಅಂತ ಯಾರಾದರೂ ಅಂದರೆ ನಂಬಬೇಡ. ಕಂತನ್ನ ಅರ್ಧ ಮಾಡಿ ಎರಡು ವಾರಕ್ಕೊಮ್ಮೆ ಕಟ್ಟು. ವರ್ಷಕ್ಕೆ ಅಂಥ 26 ಅರ್ಧ ಆಗ್ತವೆ, ಅಂದರೆ ಗೊತ್ತಾಗದಂಗೆ ಹದಿಮೂರನೇ ಕಂತೊಂದು ಕಟ್ಟಿದಂಗೆ.

ಆದರೆ ಹೆಚ್ಚಿನ ದುಡ್ಡನ್ನ ನೇರ ಸಾಲದೊಳಗೆ ತುರುಕಬೇಡ. ಆಫ್‌ಸೆಟ್ ಖಾತೆ, ಅಂದರೆ ಸಾಲಕ್ಕೆ ಜೋಡಿಸಿದ ಖಾತೆ, ಇದೆಯಾ ಕೇಳು. ಅದರಲ್ಲಿ 30,000 ಇಟ್ಟರೆ ಬ್ಯಾಂಕು 4,70,000ಕ್ಕೆ ಮಾತ್ರ ಬಡ್ಡಿ ಹಾಕ್ತದೆ, ತಿಂಗಳಿಗೆ 150 ಉಳೀತದೆ, ದುಡ್ಡು ಮಾತ್ರ ನಿನ್ನ ಕೈಯಲ್ಲೇ. ರಾತ್ರಿ ಎರಡಕ್ಕೆ ಊರಿಂದ ಫೋನ್ ಬಂದರೆ ಬೆಳಿಗ್ಗೆ ಟಿಕೆಟ್ ತಗೋಬಹುದು. ಇನ್ನು ಫಿಕ್ಸೆಡ್ ದರದ ಸಾಲ ಆದರೆ ಹೆಚ್ಚಿಗೆ ಕಟ್ಟೋಕೆ ಸಾಮಾನ್ಯವಾಗಿ ಮಿತಿ ಇರ್ತದೆ, ಕಟ್ಟಿದ್ದನ್ನ ವಾಪಸ್ ತೆಗೆಯೋಕೆ ಎಷ್ಟೋ ಕಡೆ ಬಿಡೋದೂ ಇಲ್ಲ. ಸಹಿ ಮಾಡಿದ ಕಾಗದವನ್ನ ಈಗಲಾದರೂ ಓದು. ನಾನು ಓದಿರಲಿಲ್ಲ.

ಎರಡನೇ ಕೆಲಸದ ಲೆಕ್ಕವನ್ನೂ ಸರಿಯಾಗಿ ಹಾಕು. ವರ್ಷದ ಮೊದಲ 18,200 ಡಾಲರಿಗೆ ಇರೋ ತೆರಿಗೆ ವಿನಾಯಿತಿಯನ್ನ ನಿನ್ನ ಮೊದಲ ಕೆಲಸವೇ ತಿಂದಿರ್ತದೆ. ನಿನ್ನ ಸಂಬಳಕ್ಕೆ ವೇರ್‌ಹೌಸಿನಲ್ಲಿ ದುಡಿದ ನೂರರಲ್ಲಿ ಸರಕಾರಿ ಆರೋಗ್ಯ ಸೇವೆಗೆ ಹಿಡಿಯೋ ಮೆಡಿಕೇರ್ ಲೆವಿ ಸೇರಿ 32 ಹೋಗಿ 68 ಕೈಗೆ. ಅದರಲ್ಲಿ ಪೆಟ್ರೋಲು, ಬೆನ್ನಿಗೆ ಹಚ್ಚೋ ಮುಲಾಮು ಕಳೆ.

ಇಷ್ಟು ಹೇಳಿ ನಾನೇನು ಸಾಧು ಅಂತ ತಿಳೀಬೇಡ. ನಾನು ಆರು ವರ್ಷ ಅದೇ ಕೆಲಸ ಮಾಡಿದವನು. 2016ರಲ್ಲಿ ಮನೆ ತಗೊಂಡೆ. ವಾರದಲ್ಲಿ ಐದು ದಿನ ಟಾರ್ನೀಟಿನಿಂದ ಕಿಕ್ಕಿರಿದ ರೈಲು ಹತ್ತಿ ಸಿಟಿಯ ಆಫೀಸು, ಶನಿವಾರ ಭಾನುವಾರ ರಾತ್ರಿ ಪಕ್ಕದ ಟ್ರುಗಾನಿನಾದ ವೇರ್‌ಹೌಸಿನಲ್ಲಿ ಡಬ್ಬಿ ಎತ್ತೋದು. 2022ರ ಮೇದಿಂದ 2023ರ ನವೆಂಬರ್ ಒಳಗೆ ಅಲ್ಲಿಯ ರಿಸರ್ವ್ ಬ್ಯಾಂಕು ದರವನ್ನ 13 ಸಲ ಏರಿಸಿ ಶೇ. 0.10ರಿಂದ 4.35ಕ್ಕೆ ಒಯ್ದಾಗ, ನಮ್ಮ ಓಣಿಯಲ್ಲಿ ಎರಡು ಮನೆಗೆ ಮಾರಾಟದ ಬೋರ್ಡ್ ಬಿತ್ತು. ನನ್ನ ನಿದ್ದೆ ಕೆಡಲಿಲ್ಲ. ಆ ಹೆಮ್ಮೆ ನನಗೆ ಈಗಲೂ ಇದೆ. ಸಾಲ ಅಂದರೆ ಶೂಲ ಅಂತ ಕೇಳಿಕೊಂಡೇ ಬೆಳೆದವರು ನಾವು. ನಮ್ಮಪ್ಪ ಈ ಮನೆಯನ್ನ ಒಂದು ಪೈಸೆ ಸಾಲ ಇಲ್ಲದೆ, ಒಂದೊಂದೇ ಕೋಣೆ ಅಂತ ಹನ್ನೊಂದು ವರ್ಷ ಕಟ್ಟಿದ. ಕೊನೇ ಕೋಣೆಗೆ ಶಹಾಬಾದ್ ಫರಸಿ ಹಾಸೋ ಹೊತ್ತಿಗೆ ಮೊದಲ ಕೋಣೆಯ ಸುಣ್ಣ ಉದುರ್ತಿತ್ತು. ಆ ರಕ್ತವೇ ನನ್ನಲ್ಲಿ ಇರೋದು.

ನಾನು ಮೆಲ್ಬರ್ನಿಗೆ ಇಳಿದದ್ದು 2012ರ ಜುಲೈನಲ್ಲಿ. ಕಲಬುರಗಿ ಹುಡುಗನಿಗೆ ಚಳಿ ಅಂದರೆ ಏನು ಗೊತ್ತು? ಡಿಸೆಂಬರಿನಲ್ಲಿ ಬೆಳಗಿನ ಜಾವ ಒಂದು ದುಪ್ಪಟಿ ಎಳಕೊಂಡರೆ ಮುಗೀತು. ಫುಟ್‌ಸ್ಕ್ರೇದಲ್ಲಿ ಐದು ಜನ ಹುಡುಗರು ಹಂಚಿಕೊಂಡ ಮನೆ. ಬಾಡಿಗೆ ಹಿಡಿದಿದ್ದವನು ಹೀಟರ್ ಮುಟ್ಟೋಕೆ ಬಿಡ್ತಿರಲಿಲ್ಲ, ಬಿಲ್ಲು ಬರ್ತದೆ ಅಂತ. ಸ್ವೆಟರ್ ಮೇಲೆ ಸ್ವೆಟರ್ ಹಾಕಿಕೊಂಡು, ಮುಕುಳಿ ಕೆಳಗೆ ಕೈ ಇಟ್ಟುಕೊಂಡು ಕುಂತಿರ್ತಿದ್ದೆ. ಒಂದಲ್ಲ ಒಂದು ದಿನ ಸ್ವಂತ ಮನೆ ಮಾಡಿ ಹಗಲೂ ರಾತ್ರಿ ಹೀಟರ್ ಹಚ್ಚಿಡ್ತೀನಿ ಅಂತ ಆಣೆ ಹಾಕಿದ್ದೆ.

ನಮ್ಮಪ್ಪ ತೀರಿಹೋದ ಮರುವರ್ಷ, 2018ರ ಮೇನಲ್ಲಿ, ನಮ್ಮವ್ವನನ್ನ ಕರೆಸಿದೆ. ನಿನ್ನಂಗೇ, ಬಿಸಿಲಿಂದ ತಪ್ಪಿಸೋಣ ಅಂತ. ನಮ್ಮ ಬೇಸಿಗೆ ಅಲ್ಲಿಯ ಚಳಿಗಾಲ ಅನ್ನೋದು ಆರು ವರ್ಷ ಅಲ್ಲಿದ್ದ ನನ್ನ ತಲೆಗೇ ಹೊಳೀಲಿಲ್ಲ ಅಂದರೆ ನಗ್ತೀಯ. ಹೊಳೆದಿತ್ತು, ಆದರೆ ಆಗ ಟಿಕೆಟ್ ಅಗ್ಗ ಇತ್ತು. ಅವ್ವ ಬಂದಳು. ಜೂನಿನಲ್ಲಿ ಐದು ಗಂಟೆ ದಾಟಿದರೆ ಕತ್ತಲು. ನಾನು ಆಫೀಸು, ನನ್ನ ಹೆಂಡತಿ ಕೆಲಸ, ಮಗಳು ಚೈಲ್ಡ್‌ಕೇರು. ನಾಲ್ಕು ಬೆಡ್‌ರೂಮಿನ ಮನೆಯಲ್ಲಿ ಅವ್ವ ಒಬ್ಬಳೇ.

ಒಂದು ದಿನ ಗೋಡೆ ಮೇಲಿನ ಹೀಟರಿನ ಗುಂಡಿ ಎಷ್ಟಕ್ಕೆ ಇಡೋದು ಅಂತ ಕೇಳಿದಳು. ನಾನು ಅಂದೆ: "ಹಗಲೊತ್ತು ಬ್ಯಾಡವ್ವ, ಇಡೀ ಮನಿ ಬೆಚ್ಚಗಾಗ್ತದ, ಗ್ಯಾಸ್ ಬಿಲ್ಲು ಭಾಳ ಬರ್ತದ. ಶಾಲು ಹೊದ್ಕೋ." ಅವ್ವ ಮತ್ತೆ ಕೇಳಲಿಲ್ಲ. ಮೂರು ತಿಂಗಳಲ್ಲಿ ಅವಳ ಜೊತೆ ಪೂರ್ತಿ ಕಳೆದ ಭಾನುವಾರ ಎರಡೋ ಮೂರೋ. ಉಳಿದ ಭಾನುವಾರ ನಾನು ನೈಟ್ ಶಿಫ್ಟ್ ಮಾಡಿ ಬಂದು ಮಲಗಿರ್ತಿದ್ದೆ. ಅವಳು ಮಾಡಿಟ್ಟ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ಒಲೆ ಪಕ್ಕ ಇರ್ತಿತ್ತು.

ಅವ್ವ ವಾಪಸ್ ಹೋಗಿ ಎರಡು ವಾರ ಆಗಿತ್ತು. ಮಗಳನ್ನ ಪಾರ್ಕಿಗೆ ಕರಕೊಂಡು ಹೋಗಿದ್ದೆ. ಬೆಂಚಿನ ಮೇಲೆ ಕುಂತಿದ್ದ ಪಂಜಾಬಿ ಅಜ್ಜಿಯೊಬ್ಬರು ಮಗಳ ಗಲ್ಲ ಸವರಿ, ಗುಲ್ಬರ್ಗಾದ ಅಕ್ಕನ ಮಗ ನೀನೇನಾ ಅಂತ ಹಿಂದಿಯಲ್ಲಿ ಕೇಳಿದರು. ಹೌದು ಅಂದೆ. "ಅವರ ಮೊಣಕಾಲು ಈಗ ಹೇಗಿದೆ?" ಅಂದರು.

ಯಾವ ಮೊಣಕಾಲು? ನನಗೆ ಗೊತ್ತೇ ಇರಲಿಲ್ಲ. ಚಳಿಗೆ ಅವ್ವನ ಮೊಣಕಾಲು ಹಿಡಕೊಂಡಿತ್ತಂತೆ. ನಾವು ಹೊರಬಿದ್ದ ಮೇಲೆ ಅವಳು ಪಾರ್ಕಿಗೆ ಬಂದು ಬಿಸಿಲಿಗೆ ಕೂರ್ತಿದ್ದಳಂತೆ. ಬಿಸಿಲಿಲ್ಲದ ದಿನ ಆ ಅಜ್ಜಿ ತಮ್ಮ ಮನೆಗೆ ಕರಕೊಂಡು ಹೋಗಿ ಹೀಟರ್ ಮುಂದೆ ಕೂಡಿಸಿ ಚಹಾ ಕೊಡ್ತಿದ್ದರಂತೆ. ಅವ್ವನದು ನಮ್ಮೂರ ಬಾಜಾರದ ಹಿಂದಿ, ಅರ್ಧ ಉರ್ದು. ಅವರದು ಪಂಜಾಬಿ ಬೆರೆತದ್ದು. ಆ ಭಾಷೆಯಲ್ಲಿ ಇಬ್ಬರೂ ನಮ್ಮಪ್ಪನ ಕೊನೇ ದಿನಗಳನ್ನೂ ಮಾತಾಡಿದ್ದರು. ನಾನು ಮಾತಾಡಿರಲಿಲ್ಲ.

ರಾತ್ರಿ ಫೋನ್ ಮಾಡಿ, ನನಗ ಯಾಕ ಹೇಳಲಿಲ್ಲ ಅಂತ ಜೋರು ಮಾಡಿದೆ. "ಸಾಲ ಅದ, ಸಾಲ ಅದ ಅಂತ ದಿನಾ ನೀನೇ ಅಂತಿದ್ಯಲ್ಲಪ್ಪ," ಅಂದಳು, ಸಿಟ್ಟಿಲ್ಲದೆ.

ಆಮೇಲೆ ಆ ಚಳಿಗಾಲದ ಗ್ಯಾಸ್ ಬಿಲ್ಲು ತೆಗೆದು ನೋಡಿದೆ. ಹಿಂದಿನ ವರ್ಷಕ್ಕಿಂತ 140 ಡಾಲರ್ ಕಮ್ಮಿ ಬಂದಿತ್ತು. ಅದನ್ನ ನಾನು ಸಾಲಕ್ಕೆ ಕಟ್ಟಿದ್ದೆ, ಸ್ಟೇಟ್‌ಮೆಂಟಿನಲ್ಲಿ ಇದೆ.

ಸಾಲ ತೀರಿಸು ತಮ್ಮಾ, ತಿಂಗಳಿಗೆ 500 ಹೆಚ್ಚಿಗೆ ಹಾಕು. ಆದರೆ ಅದು ನಿನ್ನ ವಾರದ ದಿನಗಳ ದುಡಿಮೆಯಲ್ಲೇ ಆಗೋದಾದರೆ ಹಾಕು, ಆಗದಿದ್ದರೆ 200 ಹಾಕು. ವೇರ್‌ಹೌಸು ಬೇಕೇ ಬೇಕು ಅಂದರೆ ಒಂದು ವರ್ಷ ಅಂತ ಗಡುವು ಹಾಕ್ಕೊ, ಹೆಂಡತಿಯ ಮುಂದೆ ಹೇಳು. ಅವಳೇ ನೆನಪು ಮಾಡ್ತಾಳೆ. ನನ್ನವಳು ಮಾಡಿದ್ದಳು, ನಾನು ಕೇಳಿರಲಿಲ್ಲ. ಊರಿನ ಟಿಕೆಟಿಗೆ ಆಫ್‌ಸೆಟ್‌ನಲ್ಲೇ ಬೇರೆ ಎತ್ತಿಡು. ಎಳ್ಳಮಾಸಿ ಹೆಚ್ಚಾಗಿ ಬರೋದು ಅಲ್ಲಿಯ ಸಾಲಿ ರಜೆಯಲ್ಲಿ, ಟಿಕೆಟ್ ದರ ಕೇಳಿದರೆ ಎದೆ ಧಸಕ್ಕಂತದೆ, ಆದರೂ ಆಗಲೇ ಬಾ. ಹೈದರಾಬಾದಿಗೆ ಇಳಿದು ರೈಲು ಹತ್ತಿದರೆ ಆಯ್ತು.

ನಿಮ್ಮ ಅಪ್ಪ ಅವ್ವಗೆ ಮೇ ತಿಂಗಳ ಟಿಕೆಟ್ ಇನ್ನೂ ಮಾಡಿಲ್ಲ ಅಂದರೆ ಅಕ್ಟೋಬರಿಗೆ ಹಾಕು. ಮಾಡಿಬಿಟ್ಟಿದ್ದರೆ ಏಪ್ರಿಲಿನಲ್ಲೇ ಹೀಟರ್ ಸರ್ವಿಸ್ ಮಾಡಿಸು, ದಪ್ಪನೆ ಕಾಲುಚೀಲ ತಗೋ, ಗುಂಡಿ ತಿರುಗಿಸೋದನ್ನ ಅವರಿಬ್ಬರಿಗೂ ಕಲಿಸು. ಬಿಲ್ಲು ಬಂದಾಗ ಅವರ ಎದುರಿಗೆ ತೆರೀಬೇಡ.

ನಿನ್ನೆ ರಾತ್ರಿ ಊಟಕ್ಕೆ ಕುಂತಾಗ ಅವ್ವನನ್ನ ಕೇಳಿದೆ, ಈ ಸಲ ದೀಪಾವಳಿ ಹೊತ್ತಿಗೆ ಬರ್ತಿಯೇನವ್ವ, ಆಗ ಅಲ್ಲಿ ಚಳಿ ಇರಲ್ಲ ಅಂತ. ಹಿಂಡಿಗೆ ಎಣ್ಣೆ ಹಾಕ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಆ ಪಂಜಾಬಿ ಮುದುಕಿ ಅಲ್ಲೇ ಅದಾಳೇನು ಇನ್ನಾ?" ಅಂದಳು.