ಓದುಗರ ಪ್ರಶ್ನೆ: ಮೈಸೂರು–ಹುಬ್ಬಳ್ಳಿ ವಿಮಾನಕ್ಕೆ 46 ನಿಮಿಷವೇಕೆ ಸಾಲದು?

ಪ್ರಶ್ನೆ: ಮೈಸೂರಿನ ಮಂಡಕಳ್ಳಿ ನಿಲ್ದಾಣದಿಂದ ಹುಬ್ಬಳ್ಳಿ ನಿಲ್ದಾಣಕ್ಕೆ ನೇರ ದೂರ 387 ಕಿ.ಮೀ. ಎಂದು ನಕ್ಷೆಯಲ್ಲಿ ಕಂಡೆ. ನಾನು ಹೋದ ಎಟಿಆರ್ (ಪ್ರೊಪೆಲ್ಲರ್ ಇರುವ ಸಣ್ಣ ಪ್ರಯಾಣಿಕ) ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಅಂದರೆ 46 ನಿಮಿಷ ಸಾಕಲ್ಲವೇ? ಟಿಕೆಟಿನಲ್ಲಿ ಒಂದೂಕಾಲು ಗಂಟೆ ಎಂದಿತ್ತು. ಅಷ್ಟಾಗಿಯೂ ವಿಮಾನ ಹತ್ತು ನಿಮಿಷ ಮೊದಲೇ ತಲುಪಿತು. ಯಾವ ಲೆಕ್ಕ ಸರಿ?

ಉತ್ತರ: ದೂರದ ಲೆಕ್ಕ ಸರಿಯಾಗಿಯೇ ಇದೆ. ಎರಡೂ ನಿಲ್ದಾಣಗಳ ಅಕ್ಷಾಂಶಗಳ ಅಂತರ ಸುಮಾರು 3.13 ಡಿಗ್ರಿ, ಅಂದರೆ 348 ಕಿ.ಮೀ.; ರೇಖಾಂಶಗಳ ಅಂತರ 1.57 ಡಿಗ್ರಿ, ನಮ್ಮ ಅಕ್ಷಾಂಶದಲ್ಲಿ ಅದು 170 ಕಿ.ಮೀ. ಶಾಲೆಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯವೇ ಉಳಿದದ್ದನ್ನು ಹೇಳುತ್ತದೆ. ಈ ಗೆರೆ ಚನ್ನರಾಯಪಟ್ಟಣ, ಅರಸೀಕೆರೆಗಳ ಸಮೀಪ ಹಾದು ಹಾವೇರಿಯ ಬಳಿಯಿಂದ ಹುಬ್ಬಳ್ಳಿಯನ್ನು ಮುಟ್ಟುತ್ತದೆ.

ತಾವು ಎಡವಿದ್ದು ವೇಗದಲ್ಲಿ. ಗಂಟೆಗೆ 500 ಕಿ.ಮೀ. ಎಂಬುದು ವಿಮಾನ ತನ್ನ ಎತ್ತರವನ್ನು ತಲುಪಿ ಸಮನಾಗಿ ಹಾರುವಾಗಿನ ವೇಗ. ಏರುವಾಗ ಎಟಿಆರ್‌ನ ವೇಗ ಗಂಟೆಗೆ 300 ಕಿ.ಮೀ. ಆಸುಪಾಸಿನಲ್ಲಿರುತ್ತದೆ, ಇಳಿಯುವಾಗ ಕೊನೆಯ ಹಂತದಲ್ಲಿ ಇನ್ನೂ ತಗ್ಗುತ್ತದೆ. ಬೆಂಗಳೂರಿನಿಂದ ದೆಹಲಿಗೆ ಹೋಗುವವರಿಗೆ ಇದು ದೊಡ್ಡ ವಿಷಯವಲ್ಲ. ಇಷ್ಟು ಹತ್ತಿರದ ಊರುಗಳ ನಡುವೆ ಮಾತ್ರ ಹಾರಾಟದ ಬಹುಪಾಲು ಏರುವುದರಲ್ಲಿ ಮತ್ತು ಇಳಿಯುವುದರಲ್ಲಿಯೇ ಕಳೆದುಹೋಗುತ್ತದೆ.

ಇದಕ್ಕಿಂತ ಕುತೂಹಲದ ಸಂಗತಿಯೊಂದಿದೆ. ಮೈಸೂರಿನ ರನ್‌ವೇಗೆ 09/27, ಹುಬ್ಬಳ್ಳಿಯದಕ್ಕೆ 08/26 ಎಂಬ ಸಂಖ್ಯೆಗಳಿವೆ; ದಿಕ್ಸೂಚಿಯ ಡಿಗ್ರಿಗಳಲ್ಲಿ ಕೊನೆಯ ಅಂಕಿಯನ್ನು ಬಿಟ್ಟು ಬರೆದ ಸಂಖ್ಯೆಗಳು ಇವು. 09 ಎಂದರೆ 90 ಡಿಗ್ರಿ, ಪೂರ್ವ; 27 ಎಂದರೆ 270 ಡಿಗ್ರಿ, ಪಶ್ಚಿಮ. ಅಂದರೆ ಎರಡೂ ಹೆಚ್ಚುಕಡಿಮೆ ಪೂರ್ವ–ಪಶ್ಚಿಮವಾಗಿ ಚಾಚಿಕೊಂಡಿವೆ, ತಮ್ಮ ಪ್ರಯಾಣವೋ ಹೆಚ್ಚುಕಡಿಮೆ ದಕ್ಷಿಣದಿಂದ ಉತ್ತರಕ್ಕೆ. ವಿಮಾನ ಗಾಳಿಗೆ ಎದುರಾಗಿ ಏರಬೇಕು, ಎದುರಾಗಿಯೇ ಇಳಿಯಬೇಕು. ಮುಂಗಾರಿನ ಪಡುವಣ ಗಾಳಿ ಬೀಸುವಾಗ ಮೈಸೂರಿನಲ್ಲಿ ಪಶ್ಚಿಮಕ್ಕೆ ಮುಖಮಾಡಿ ಏರಿದ ವಿಮಾನ ಉತ್ತರಕ್ಕೆ ಹೊರಳಬೇಕು. ಹುಬ್ಬಳ್ಳಿಯ ಹತ್ತಿರ ಬಂದ ಮೇಲೆ ಊರಿನ ಪೂರ್ವಕ್ಕೆ ಸರಿದು, ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಇಳಿಯಬೇಕು. ಇದರ ಮೇಲೆ, ವಿಮಾನಗಳು ಸಾಗುವುದು ಗೊತ್ತುಪಡಿಸಿದ ವಾಯುಮಾರ್ಗಗಳಲ್ಲಿಯೇ ಹೊರತು ನಾವು ನಕ್ಷೆಯಲ್ಲಿ ಎಳೆದ ಗೆರೆಯ ಮೇಲಲ್ಲ.

ಇನ್ನು ಟಿಕೆಟಿನ ಒಂದೂಕಾಲು ಗಂಟೆ. ಅದು ಹಾರಾಟದ ಅವಧಿಯಲ್ಲ. ವಿಮಾನಯಾನದವರು ಅದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ನಿಂತ ಜಾಗದಿಂದ ವಿಮಾನ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಬಂದು ನಿಲ್ಲುವವರೆಗಿನ ಸಮಯ ಅದು. ರನ್‌ವೇಗೆ ಸಮಾನಾಂತರವಾದ ಟ್ಯಾಕ್ಸಿವೇ (ವಿಮಾನಗಳು ನೆಲದ ಮೇಲೆ ಸಾಗುವ ದಾರಿ) ಇಲ್ಲದ ಸಣ್ಣ ನಿಲ್ದಾಣಗಳಲ್ಲಿ ವಿಮಾನ ರನ್‌ವೇಯ ಮೇಲೆಯೇ ತುದಿಯವರೆಗೆ ನಿಧಾನವಾಗಿ ಹೋಗಿ, ತಿರುಗಿ ನಿಂತು ಓಟ ಆರಂಭಿಸಬೇಕಾಗುತ್ತದೆ. ಇದೆಲ್ಲ ಸೇರಿ ಟಿಕೆಟಿನ ಲೆಕ್ಕದಂತೆ ತಮ್ಮ ಪ್ರಯಾಣದ ಸರಾಸರಿ ವೇಗ ಗಂಟೆಗೆ ಸುಮಾರು 310 ಕಿ.ಮೀ. ಆಗುತ್ತದೆ. ಬೇಸರ ಬೇಡ: ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇಯಿಂದ ಪಾಪಾ ವೆಸ್ಟ್ರೇಗೆ ಇರುವ, ಜಗತ್ತಿನಲ್ಲೇ ಅತಿ ಚಿಕ್ಕದಾದ ನಿಯಮಿತ ವಿಮಾನಯಾನದ ದೂರ 2.7 ಕಿ.ಮೀ., ವೇಳಾಪಟ್ಟಿಯ ಅವಧಿ 2 ನಿಮಿಷ. ಭಾಗಿಸಿ ನೋಡಿದರೆ ಗಂಟೆಗೆ ಸುಮಾರು 80 ಕಿ.ಮೀ.; ನಮ್ಮ ಹೆದ್ದಾರಿಯ ಬಸ್ಸಿನ ವೇಗ! ಗಾಳಿ ಅನುಕೂಲವಾಗಿದ್ದ ಒಮ್ಮೆ ಅಲ್ಲಿನ ವಿಮಾನ 53 ಸೆಕೆಂಡುಗಳಲ್ಲಿಯೇ ತಲುಪಿದ್ದುಂಟು.

ತಮ್ಮ ವಿಮಾನ ಬೇಗ ಬಂದುದಕ್ಕೂ ಕಾರಣ ಇಂಥದ್ದೇ. ಗಾಳಿಯ ದಿಕ್ಕು ಬದಲಾಗಬಹುದು, ಮುಂದೆ ಇನ್ನೊಂದು ವಿಮಾನವಿರಬಹುದು ಎಂದು ವೇಳಾಪಟ್ಟಿ ಮಾಡುವಾಗಲೇ ಕೆಲವು ನಿಮಿಷ ಹೆಚ್ಚಿಗೆ ಸೇರಿಸಿರುತ್ತಾರೆ. ಅಂದು ಅದ್ಯಾವುದೂ ಅಡ್ಡ ಬರಲಿಲ್ಲವಾದ್ದರಿಂದ ಆ ನಿಮಿಷಗಳು ತಮ್ಮ ಪಾಲಿಗೆ ಉಳಿದವು.