ಹೆಂಡತಿ ತವರಿಗೆ ಹೋದಾಗ ಕಡಿಮೆಯಾದ ಸೊಂಟನೋವು

(ಗುರುತು ಸಿಗದಂತೆ ಹೆಸರು, ವಯಸ್ಸು, ಕೆಲಸದ ವಿವರ ಬದಲಿಸಲಾಗಿದೆ.)

ಬಸವರಾಜುಗೆ 46 ವರ್ಷ. ಬಸ್ ಡ್ರೈವರ್. ಎರಡು ವರ್ಷದಿಂದ ಸೊಂಟನೋವು. ಎಂಆರ್‌ಐ ಆಗಿದೆ. ಡಿಸ್ಕ್ ಸ್ವಲ್ಪ ಉಬ್ಬಿದೆ, ನರ ಒತ್ತಿಲ್ಲ, ಆಪರೇಷನ್ ಬೇಕಿಲ್ಲ, ದಿನಾ ನಡೆಯಿರಿ ಎಂದು ಮೂಳೆ ಡಾಕ್ಟರು ಹೇಳಿದ್ದಾರೆ. ಆದರೂ ದಿನದ ಹೆಚ್ಚು ಹೊತ್ತು ಮಂಚದ ಮೇಲೇ. ವ್ಯಾಯಾಮ ಮುಂದಕ್ಕೆ ಹೋಗುತ್ತಿಲ್ಲ ಎಂದು ಫಿಸಿಯೋಥೆರಪಿಸ್ಟ್ ಒಬ್ಬರು ಗಂಡ ಹೆಂಡತಿ ಇಬ್ಬರನ್ನೂ ಆಪ್ತಸಮಾಲೋಚನೆಗೆ ನನ್ನ ಹತ್ತಿರ ಕಳಿಸಿದರು.

ಮೊದಲು ಮಾತಾಡಿದ್ದು ಹೆಂಡತಿ ಸುಮಿತ್ರಾ. ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. "ಇವರಿಗೆ ಒಂದು ತಂಬಿಗೆ ಎತ್ತೋಕೂ ಬಿಡಲ್ಲ ಮೇಡಂ" ಎಂದರು. ಸ್ನಾನಕ್ಕೆ ನೀರು ತೋಡಿ ಕೊಡುವುದು, ಊಟ ಮಂಚದ ಹತ್ತಿರವೇ ತರುವುದು, ಮಕ್ಕಳನ್ನು ಸದ್ದು ಮಾಡದಂತೆ ಕೂರಿಸುವುದು, ಎಲ್ಲಾ ಅವರೇ. ಮಿಷನ್ ತುಳಿಯುತ್ತಿದ್ದರೂ ಕಿವಿ ಒಳಗಿನ ಕೋಣೆ ಕಡೆಗೇ. ಗಂಡ ಮಗ್ಗುಲು ಬದಲಿಸಿದ ಸದ್ದಾದರೆ ಸಾಕು, ಓಡಿ ಬಂದು "ನೋಯ್ತಾ ಇದೆಯಾ ರೀ?" ಎನ್ನುತ್ತಾರೆ. ಅವರು ವಾಕಿಂಗ್‌ಗೆ ಎದ್ದರೆ "ಇವತ್ತು ಬೇಡ ರೀ" ಎನ್ನುತ್ತಾರೆ. ಬಸವರಾಜು ತಲೆ ತಗ್ಗಿಸಿ ಕೂತಿದ್ದರು.

ನೋವಿನ ಡೈರಿ ಬರೆಯಲು ಹೇಳಿದೆ. ದಿನಕ್ಕೆ ಎರಡು ಸಲ, 0ಯಿಂದ 10ರವರೆಗೆ ಒಂದು ಅಂಕಿ, ಆಗ ಏನು ಮಾಡುತ್ತಿದ್ದರು, ಪಕ್ಕದಲ್ಲಿ ಯಾರಿದ್ದರು, ಅಷ್ಟೇ. ಸಾಮಾನ್ಯ ದಿನಗಳಲ್ಲಿ 7, ಕೆಲವು ಸಲ 8. ಸುಮಿತ್ರಾ ತವರಿನ ಜಾತ್ರೆಗೆ ಹೋದ ಮೂರು ದಿನ ಮಾತ್ರ 4. ಆ ಮೂರು ದಿನ ಬಸವರಾಜು ತಾವೇ ಚಹಾ ಕಾಯಿಸಿಕೊಂಡಿದ್ದರು. ಅಂಗಡಿಗೂ ಹೋಗಿಬಂದಿದ್ದರು. ನನ್ನೊಬ್ಬಳ ಮುಂದೆ ಇದನ್ನು ಹೇಳುವಾಗಲೇ ಅವರಿಗೆ ಸಂಕಟ. "ಅವಳಷ್ಟು ಮಾಡೋರು ಯಾರೂ ಇಲ್ಲ ಮೇಡಂ. ಆದ್ರೆ ಅವಳ ಮುಖ ನೋಡಿದ್ರೆ ನಂಗೇನೋ ದೊಡ್ಡದೇ ಆಗಿದೆ ಅನ್ಸುತ್ತೆ."

ಅವರ ಒಪ್ಪಿಗೆ ಪಡೆದು ಮುಂದಿನ ಸಲ ಡೈರಿಯನ್ನು ಇಬ್ಬರ ಮುಂದೆ ತೆರೆದೆ. ಸುಮಿತ್ರಾ ಕಣ್ಣೀರು ಹಾಕಿದರು. "ಹಾಗಾದ್ರೆ ಇವರ ನೋವಿಗೆ ನಾನೇ ಕಾರಣಾನಾ?"

ಖಂಡಿತ ಅಲ್ಲ. ನೋವು ಸೊಂಟದ್ದೇ, ನಾಟಕವೂ ಅಲ್ಲ. ಆದರೆ ಎಷ್ಟು ನೋಯಬೇಕು ಎಂಬುದನ್ನು ಮಿದುಳು ಸೊಂಟವೊಂದನ್ನೇ ಕೇಳಿ ತೀರ್ಮಾನಿಸುವುದಿಲ್ಲ. ಅಪಾಯ ಇದೆಯಾ, ಜೊತೆಗೆ ಯಾರಿದ್ದಾರೆ, ಅವರ ಮುಖ ಏನು ಹೇಳುತ್ತಿದೆ ಎಂಬುದನ್ನೂ ನೋಡುತ್ತದೆ. 1980ರಲ್ಲಿ ಅಮೆರಿಕದಲ್ಲಿ ಸಂಶೋಧಕರು ಹಳೇ ನೋವಿನ ರೋಗಿಗಳನ್ನು ಮಾತಾಡಿಸಿದರು. ಒಂದೇ ಕಡೆಯಿಂದ ಕಾಣುವ ಕನ್ನಡಿಯ ಆಚೆಯಿಂದ ನಿಮ್ಮ ಸಂಗಾತಿ ನೋಡುತ್ತಿದ್ದಾರೆ ಎಂದು ಒಮ್ಮೆ, ವಾರ್ಡಿನ ಗುಮಾಸ್ತರು ನೋಡುತ್ತಿದ್ದಾರೆ ಎಂದು ಇನ್ನೊಮ್ಮೆ ಹೇಳಿದರು. ನೋವು ಕಂಡ ಕೂಡಲೇ ಉಪಚಾರಕ್ಕೆ ಓಡಿಬರುವ ಸಂಗಾತಿ ಇದ್ದವರು, ಆ ಸಂಗಾತಿ ನೋಡುತ್ತಿದ್ದಾರೆ ಎಂದಾಗ ಜಾಸ್ತಿ ನೋವು ಹೇಳಿದರು. ಅಷ್ಟಾಗಿ ಉಪಚರಿಸದ ಸಂಗಾತಿ ಇದ್ದವರಲ್ಲಿ ಹಾಗಾಗಲಿಲ್ಲ.

ಇಷ್ಟನ್ನೇ ಕೇಳಿಸಿಕೊಂಡು "ಇನ್ನು ದೂರ ಇರ್ತೀನಿ" ಎಂದು ಸುಮಿತ್ರಾ ತೀರ್ಮಾನ ಮಾಡಿಬಿಟ್ಟರೆ? ಅದು ನನಗೆ ಬೇಕಿರಲಿಲ್ಲ. ಹಾಗಾಗಿ ಇನ್ನೊಂದು ಮುಖವನ್ನೂ ಹೇಳಿದೆ. 2006ರಲ್ಲಿ ಮನೋವಿಜ್ಞಾನಿ ಜೇಮ್ಸ್ ಕೋನ್ ಮತ್ತು ಜೊತೆಗಾರರು 16 ಮದುವೆಯಾದ ಹೆಂಗಸರ ಮಿದುಳನ್ನು ಸ್ಕ್ಯಾನ್ ಮಾಡುತ್ತಾ, ಈಗ ಕರೆಂಟ್ ಶಾಕ್ ಕೊಡಬಹುದು ಎಂದು ಸೂಚನೆ ಕೊಟ್ಟರು. ಗಂಡನ ಕೈ ಹಿಡಿದಿದ್ದಾಗ ಮಿದುಳಿನ ಗಾಬರಿ ಇಳಿಯಿತು. ಅಪರಿಚಿತರ ಕೈ ಹಿಡಿದಾಗ ಅಷ್ಟು ಇಳಿಯಲಿಲ್ಲ. ದಾಂಪತ್ಯ ಚೆನ್ನಾಗಿದ್ದವರಲ್ಲಿ ಪರಿಣಾಮ ಇನ್ನೂ ಜಾಸ್ತಿ. ಪಾವೆಲ್ ಗೋಲ್ಡ್‌ಸ್ಟೈನ್ ಎಂಬ ಸಂಶೋಧಕರಿಗೆ ಹೆಂಡತಿಯ ಹೆರಿಗೆ ಹೊತ್ತಿನಲ್ಲಿ ಅವರ ಕೈ ಹಿಡಿದಾಗ ಇಂಥದ್ದೇ ಪ್ರಶ್ನೆ ಬಂತಂತೆ. 2017ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ 22 ಜೋಡಿಗಳಿದ್ದವು. ಕೈಗೆ ಬಿಸಿ ತಾಗಿಸಿದಾಗ ಹೆಂಗಸಿನ ನೋವು, ಸಂಗಾತಿ ಕೈ ಹಿಡಿದಿದ್ದರೆ ಕಡಿಮೆಯಾಗುತ್ತಿತ್ತು. ಇಬ್ಬರ ಉಸಿರೂ ಒಂದಕ್ಕೊಂದು ಹೊಂದಿಕೊಳ್ಳುತ್ತಿತ್ತು. ಇವೆಲ್ಲ ಪ್ರಯೋಗಶಾಲೆಯ ಚಿಕ್ಕ ನೋವುಗಳು, ಸಣ್ಣ ಗುಂಪುಗಳು. ಎರಡು ವರ್ಷದ ಸೊಂಟನೋವು ಕೈ ಹಿಡಿದರೆ ಹೋಗುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಸುಮಿತ್ರಾಗೆ ಇಷ್ಟು ಭಯ ಯಾಕೆ? ಕೇಳಿದಾಗ ಅಪ್ಪನ ವಿಷಯ ಬಂತು. ಮರದಿಂದ ಬಿದ್ದು, ಕೊನೆವರೆಗೂ ಹಾಸಿಗೆಯಲ್ಲೇ ಇದ್ದರು. "ಬೆನ್ನು ಅಂದ್ರೆ ನಂಗೆ ಅಪ್ಪನೇ ಕಾಣ್ತಾರೆ." ಅವರು ಗಂಡನಿಗೆ ಮಾಡುತ್ತಿದ್ದ ಸೇವೆಯಲ್ಲಿ ಅರ್ಧ ಅಪ್ಪನಿಗೆ ಮಾಡುತ್ತಿದ್ದದ್ದು. ಬಸವರಾಜುಗೆ ಇದು ಗೊತ್ತೇ ಇರಲಿಲ್ಲ. ಹೆಂಡತಿಯನ್ನು ಹೆದರಿಸಬಾರದು ಎಂದು ಅವರೂ ಮಂಚ ಬಿಟ್ಟು ಏಳುತ್ತಿರಲಿಲ್ಲ. ಆ ದಿನ ಡಾಕ್ಟರ ಅಭಿಪ್ರಾಯವನ್ನು ಫಿಸಿಯೋಥೆರಪಿಸ್ಟ್ ಮತ್ತೊಮ್ಮೆ ಸುಮಿತ್ರಾಗೇ ಬಿಡಿಸಿ ಹೇಳುವಂತೆ ಏರ್ಪಾಡು ಮಾಡಿದೆ. ನೂರು ಸಲ "ಹೆದರಬೇಡಿ" ಎನ್ನುವುದಕ್ಕಿಂತ ಅದೇ ಕೆಲಸಕ್ಕೆ ಬಂತು.

ಕೊಟ್ಟ ಸಲಹೆ ಹೀಗಿತ್ತು. ನೋವು ಹೇಗಿದೆ ಎಂದು ದಿನಕ್ಕೆ ಒಂದೇ ಸಲ, ರಾತ್ರಿ ಊಟ ಆದಮೇಲೆ ಕೇಳಿ. ಉಳಿದ ಹೊತ್ತು ಬೇರೆ ಮಾತಾಡಿ: ಮಗಳ ಪರೀಕ್ಷೆ, ಹೊಲಿಯಲು ಬಂದ ಬ್ಲೌಸು, ಏನಾದರೂ. ನರಳಿದಾಗ ಓಡಿ ಹೋಗುವ ಬದಲು, ವಾಕಿಂಗ್ ಮುಗಿಸಿ ಬಂದಾಗ ಜೊತೆಗೆ ಕೂತು ಕಾಫಿ ಕುಡಿಯಿರಿ. ಅಕ್ಕರೆ ಕಡಿಮೆ ಮಾಡಿ ಎಂದಲ್ಲ, ಅದರ ಹೊತ್ತು ಬದಲಿಸಿ. ನೋವು ಜಾಸ್ತಿಯಾದ ದಿನ ಪಕ್ಕದಲ್ಲಿ ಕೂತು ಕೈ ಹಿಡಿದುಕೊಳ್ಳಿ, ಉಪದೇಶ ಬೇಡ, ಪ್ರಶ್ನೆ ಬೇಡ. "ನೋವಾಗ್ತಿದೆ, ಗೊತ್ತು" ಎಂದರೆ ಸಾಕು.

ಬಸವರಾಜುಗೂ ಕೆಲಸ ಇತ್ತು. ಬೇಕಾದದ್ದನ್ನು ಬಾಯಿಬಿಟ್ಟು ಹೇಳಬೇಕು: "ಇದು ನಾನೇ ಮಾಡ್ಕೋತೀನಿ", ಇಲ್ಲವೇ "ಸ್ವಲ್ಪ ಹೊತ್ತು ಪಕ್ಕದಲ್ಲಿರು". ಎಲ್ಲರಿಗೂ ಕೈ ಹಿಡಿಯುವುದು ಹಿಡಿಸುವುದಿಲ್ಲ. ತೀರಾ ಹತ್ತಿರ ಬಂದರೆ ಉಸಿರು ಕಟ್ಟಿದಂತಾಗುವ ಸ್ವಭಾವದವರಿಗೆ ಸಂಗಾತಿ ಜೊತೆಗಿದ್ದರೆ ನೋವು ಜಾಸ್ತಿಯೂ ಆಗಬಹುದು. ಅಂಥವರನ್ನು ಬಲವಂತ ಮಾಡಬಾರದು. ಹೊಡೆತ, ಬೈಗುಳ ಇರುವ ಮನೆಗೆ ಈ ಸಲಹೆ ಹೊಂದುವುದೇ ಇಲ್ಲ, ಅಲ್ಲಿ ಮೊದಲ ಮಾತು ಸುರಕ್ಷತೆಯದ್ದು.

ಒಂದನ್ನು ಬರೆದೇ ಕೊಟ್ಟೆ. ಕಾಲಿನ ಬಲ ಕುಂದಿದರೆ, ತೊಡೆಸಂದಿಯಲ್ಲಿ ಮರಗಟ್ಟಿದರೆ, ಮೂತ್ರ ಅಥವಾ ಮಲದ ಹಿಡಿತ ತಪ್ಪಿದರೆ, ಜ್ವರದ ಜೊತೆ ಬೆನ್ನುನೋವು ಬಂದರೆ ಯಾವ ನಿಯಮವನ್ನೂ ನೋಡದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಈ ಚೀಟಿ ಕೈಗೆ ಬಂದ ಮೇಲೆ ಸುಮಿತ್ರಾಗೆ ಎಷ್ಟೋ ನಿರಾಳ. ಯಾವುದಕ್ಕೆ ಹೆದರಬೇಕು ಎಂದು ತಿಳಿದ ಮೇಲೆ ಉಳಿದದ್ದಕ್ಕೆ ಹೆದರುವುದು ಕಡಿಮೆಯಾಯಿತು.

ಕೆಲವು ತಿಂಗಳಾದ ಮೇಲೂ ನೋವು ಪೂರ್ತಿ ಹೋಗಿಲ್ಲ. ಡೈರಿಯಲ್ಲಿ ಈಗ 4, 5, ಅಪರೂಪಕ್ಕೆ 7. ಡಿಪೋದಲ್ಲಿ ಹಗುರ ಕೆಲಸಕ್ಕೆ ಮರಳಿದ್ದಾರೆ. ಸ್ನಾನದ ನೀರು ಅವರೇ ತೋಡಿಕೊಳ್ಳುತ್ತಾರೆ. ಸುಮಿತ್ರಾಗೆ ಮಾತ್ರ ಇನ್ನೂ ರಾತ್ರಿ ಸರಿಯಾಗಿ ನಿದ್ದೆ ಬರುವುದಿಲ್ಲ. ಮುಂದಿನ ಭೇಟಿಗೆ ಅವರೊಬ್ಬರೇ ಬರುತ್ತಾರೆ, ಅಪ್ಪನ ವಿಷಯ ಮಾತಾಡಲು.